ಗುಟ್ಟು, ರಟ್ಟು, ಸೋರಿಕೆ: ಕನ್ನಡದ ತಂತ್ರಜ್ಞಾನ ಅಭಿಪ್ರಾಯ ಬರಹಗಳ ಪರಿಭಾಷೆ

ಕನ್ನಡದ ವಿಜ್ಞಾನ ಬರವಣಿಗೆಗೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಹೊರತಂದ ‘ವಿಜ್ಞಾನ’ ಮಾಸಪತ್ರಿಕೆಯಿಂದ ಮೊದಲುಗೊಂಡು, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಬಿ.ಜಿ.ಎಲ್. ಸ್ವಾಮಿ ಮತ್ತು ಜಿ.ಟಿ. ನಾರಾಯಣರಾವ್ ಅವರ ಗ್ರಂಥಗಳನ್ನು ಹಾದು, ನಾಗೇಶ ಹೆಗಡೆಯವರ ಅಂಕಣಗಳವರೆಗೆ ಈ ಪರಂಪರೆ ಹರಿದುಬಂದಿದೆ. ಇದರ ಮುಖ್ಯ ಕಾಳಜಿ ತಿಳಿಯಹೇಳುವುದಾಗಿತ್ತು. ಗ್ರಹಣ ಏಕೆ ಆಗುತ್ತದೆ, ಹಸುರು ಎಲೆ ಏನು ಮಾಡುತ್ತದೆ ಎಂಬುದನ್ನು ಸಾಮಾನ್ಯ ಓದುಗನಿಗೆ ಅವನದೇ ಮಾತಿನಲ್ಲಿ ಮುಟ್ಟಿಸುವ ಕೆಲಸ ಅದು. ಪರಿಸರದ ವಿಷಯಕ್ಕೆ ಬಂದಾಗ ಮಾತ್ರ ಈ ಬರವಣಿಗೆ ವಿವರಣೆಯ ಗಡಿಯನ್ನು ದಾಟಿ ‘ಇದಕ್ಕೆ ಹೊಣೆ ಯಾರು’ ಎಂದು ಕೇಳಿತು; ಕೈಗಾ ಅಣುಸ್ಥಾವರದ ಕುರಿತ ಚರ್ಚೆ ಅದಕ್ಕೆ ನಿದರ್ಶನ. ಗಣಕ ಮತ್ತು ಅಂತರಜಾಲದ ವಿಷಯದಲ್ಲಿ ಆ ದಾಟುವಿಕೆ ಇನ್ನೂ ಪೂರ್ಣವಾಗಿ ಆಗಿಲ್ಲವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಅದಕ್ಕೆ ಕಾರಣಗಳು ಹಲವಿರಬಹುದು. ಇಲ್ಲಿ ಒಂದನ್ನು ಮಾತ್ರ ಪರಿಶೀಲಿಸಲಾಗಿದೆ: ನಾವು ಬಳಸುತ್ತಿರುವ ಪದಗಳು.

ಮಾಹಿತಿ ತಂತ್ರಜ್ಞಾನ ಕಾಯ್ದೆ ದೇಶದಲ್ಲಿ ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದು ಪ್ರತ್ಯೇಕ ಪೊಲೀಸ್ ಠಾಣೆ ಸ್ಥಾಪನೆಯಾಯಿತು. ಅಲ್ಲಿಂದೀಚೆಗೆ ಜಾಲಸುರಕ್ಷೆ, ಆಧಾರ್, ಕಣ್ಗಾವಲು, ಅಂತರಜಾಲ ಸ್ಥಗಿತ ಮೊದಲಾದವನ್ನು ಕುರಿತ ಅಂಕಣ, ಸಂಪಾದಕೀಯ ಮತ್ತು ವಾಚಕರ ಪತ್ರಗಳು ಕನ್ನಡದಲ್ಲಿ ಧಾರಾಳವಾಗಿ ಬಂದಿವೆ. ಇವುಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಆದರೆ ಒಳ್ಳೆಯ ಬರಹವೂ ಹಲವೊಮ್ಮೆ ತನ್ನ ಪ್ರಶ್ನೆಯನ್ನು ಕೇಳುವ ಮುನ್ನವೇ, ಬಳಸಿದ ನಾಮಪದದಲ್ಲಿ ಉತ್ತರವನ್ನು ಒಪ್ಪಿಬಿಟ್ಟಿರುತ್ತದೆ. ಯಾವೊಬ್ಬ ಅಂಕಣಕಾರರನ್ನೂ ಹೆಸರಿಸಿ ದೂಷಿಸುವುದು ಇಲ್ಲಿಯ ಉದ್ದೇಶವಲ್ಲ. ಎಲ್ಲರೂ, ಈ ಲೇಖಕನೂ ಸೇರಿ, ಇದೇ ಪದಗಳ ಸಾಲಗಾರರು.

ಮೊದಲಿಗೆ ‘ಸೋರಿಕೆ’. ಲಕ್ಷಾಂತರ ಜನರ ವಿವರಗಳು ಹೊರಬಿದ್ದ ಪ್ರತಿ ಸಂದರ್ಭದಲ್ಲೂ ನಮ್ಮ ಪತ್ರಿಕೆಗಳು ‘ಮಾಹಿತಿ ಸೋರಿಕೆಯಾಗಿದೆ’ ಎಂದೇ ಬರೆಯುತ್ತವೆ. ಸೋರು ಎಂಬುದು ಅಕರ್ಮಕ ಧಾತು. ಮಳೆಗಾಲದಲ್ಲಿ ಹಂಚು ಸೋರುತ್ತದೆ, ತಳ ಸವೆದ ಕೊಡ ಸೋರುತ್ತದೆ, ಸೋರಿಸಿದವನೊಬ್ಬ ಇರಬೇಕಾಗಿಲ್ಲ. ಕನ್ನಡದಲ್ಲಿ ‘ಇಸು’ ಎಂಬ ಪ್ರತ್ಯಯ ಹತ್ತಿದೊಡನೆ ಕರ್ತೃ ಬಂದು ನಿಲ್ಲುತ್ತಾನೆ: ಸೋರಿಸಿದನು. ಇದಕ್ಕಿಂತ ಸರಳವಾಗಿ ‘ಬಿಟ್ಟುಕೊಟ್ಟರು’, ‘ಕಾಯಲಿಲ್ಲ’ ಎನ್ನಲೂ ಬರುತ್ತದೆ. ಆದರೂ ಈ ಕರ್ತರಿ ರೂಪಗಳು ಶೀರ್ಷಿಕೆಗಳಲ್ಲಿ ಕಾಣಸಿಗುವುದು ಅಪರೂಪ. ಇಂಗ್ಲಿಷಿನ ಪದವನ್ನು ಕನ್ನಡಿಸುವ ಆತುರದಲ್ಲಿ ನಾವು ಅದರ ಹೊಣೆಗೇಡಿತನವನ್ನೂ ಕನ್ನಡಿಸಿಕೊಂಡೆವು.

ಇದು ಬರಿಯ ವ್ಯಾಕರಣದ ಕೊಂಕಲ್ಲ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಒಂದು ವರದಿಯನ್ನು ಪ್ರಕಟಿಸಿತು. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ತಾಣ, ಉದ್ಯೋಗ ಖಾತರಿ ಯೋಜನೆಯ ತಾಣ, ಆಂಧ್ರಪ್ರದೇಶ ಸರ್ಕಾರದ ಎರಡು ತಾಣಗಳು, ಹೀಗೆ ನಾಲ್ಕು ಕಡೆ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳೂ ಸುಮಾರು 10 ಕೋಟಿ ಬ್ಯಾಂಕ್ ಖಾತೆ ಸಂಖ್ಯೆಗಳೂ ಯಾರು ಬೇಕಾದರೂ ನೋಡುವಂತೆ ತೆರೆದಿದ್ದವೆಂದು ಅದು ಅಂದಾಜು ಮಾಡಿತು. ಪತ್ರಿಕೆಗಳು ಇದನ್ನು ಸೋರಿಕೆ ಎಂದವು. ಆಧಾರ್ ಪ್ರಾಧಿಕಾರವು ಆ ಸಂಸ್ಥೆಗೆ ಪತ್ರ ಬರೆದು, ಅನಧಿಕೃತ ಪ್ರವೇಶವಿಲ್ಲದೆ ಇಂಥ ವಿವರಗಳು ಕೈಗೆ ಸಿಗಲಾರವೆಂಬ ಧಾಟಿಯಲ್ಲಿ ವಿವರಣೆ ಕೇಳಿತು. ಎಂದರೆ ಅದರ ಕಣ್ಣಿಗೆ ಇದು ಕಳವು. ಸಂಸ್ಥೆಯಾದರೋ ತನ್ನ ಮಾತನ್ನು ತಿದ್ದಿಕೊಂಡು, ಇದನ್ನು ಸೋರಿಕೆ ಎನ್ನುವುದಕ್ಕಿಂತ ಬಹಿರಂಗ ಪ್ರಕಟಣೆ ಎನ್ನಬೇಕೆಂದು ಸ್ಪಷ್ಟಪಡಿಸಿತು. ಘಟನೆ ಒಂದೇ, ಹೆಸರು ಮೂರು. ಸೋರಿತು ಎಂದರೆ ಯಾರೂ ಹೊಣೆಯಲ್ಲ. ಕದ್ದರು ಎಂದರೆ ತೋರಿಸಿಕೊಟ್ಟವನೇ ಹೊಣೆ. ಪ್ರಕಟಿಸಿದರು ಎಂದರೆ ಆ ತಾಣವನ್ನು ನಡೆಸುತ್ತಿದ್ದ ಇಲಾಖೆ ಹೊಣೆ. ಮೂರನೆಯ ಹೆಸರೇ ಸಂಗತಿಗೆ ಹತ್ತಿರವಾದುದು. ಸೋರಲು ಅಲ್ಲಿ ಬಿರುಕೇ ಇರಲಿಲ್ಲ, ಬಾಗಿಲನ್ನು ತೆಗೆದೇ ಇಡಲಾಗಿತ್ತು.

ತನ್ನ ವಿವರ ಹೊರಬಿದ್ದಿದೆಯೆಂದು ವ್ಯಕ್ತಿಗೆ ತಿಳಿಯುವುದಾದರೂ ಹೇಗೆ? ಕೇಂದ್ರದ ಗಣಕ ತುರ್ತು ಸ್ಪಂದನ ತಂಡವು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ಅದನ್ನು ಆ ತಂಡಕ್ಕೆ ವರದಿ ಮಾಡಬೇಕು. ವಿವರ ಕಳೆದುಕೊಂಡವರಿಗೆ ತಿಳಿಸಬೇಕೆಂಬ ಮಾತು ಅದರಲ್ಲಿಲ್ಲ. ಆ ಕರ್ತವ್ಯವನ್ನು ವಿಧಿಸಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಅವು ಈ ಕರ್ತವ್ಯ ಜಾರಿಗೆ ಬರಲು 18 ತಿಂಗಳ ಕಾಲಾವಕಾಶವನ್ನು ಇಟ್ಟಿವೆ. ಹೀಗಾಗಿ ಇಷ್ಟು ವರ್ಷ ಜನಸಾಮಾನ್ಯನಿಗೆ ಸುದ್ದಿ ಮುಟ್ಟಿಸುವ ಕೆಲಸ ಪತ್ರಿಕೆಯ ಹೆಗಲಿಗೇ ಬಿದ್ದಿತ್ತು. ಆ ಕೆಲಸವನ್ನು ಅಕರ್ಮಕ ಕ್ರಿಯಾಪದದಲ್ಲಿ ಮಾಡಿದರೆ, ಓದಿದವನು ನಿಟ್ಟುಸಿರು ಬಿಡಬಹುದೇ ಹೊರತು ದೂರು ಬರೆಯಲಾರ. ಯಾರ ಮೇಲೆ ಬರೆಯಬೇಕು ಎಂಬುದು ಅವನಿಗೆ ಸಿಕ್ಕಿರುವುದಿಲ್ಲ.

ಎರಡನೆಯ ಪದ ‘ಹ್ಯಾಕ್’. ಮೂಲದಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಜಾಣತನದ ಯಂತ್ರಕುಶಲತೆಗೆ ಇಟ್ಟ ಮೆಚ್ಚುಗೆಯ ಹೆಸರು ಇದು; ಅಪರಾಧದ ಅರ್ಥ ಬಂದದ್ದು ಅನಂತರ. ಕುತೂಹಲದ ಸಂಗತಿಯೆಂದರೆ, 2000ದ ಕಾಯ್ದೆಯ 66ನೆಯ ಕಲಮಿನ ಶೀರ್ಷಿಕೆಯಲ್ಲೇ ಈ ಪದವಿತ್ತು. 2008ರ ತಿದ್ದುಪಡಿ ಅದನ್ನು ಕೈಬಿಟ್ಟು ‘ಗಣಕ ಸಂಬಂಧಿ ಅಪರಾಧಗಳು’ ಎಂಬ ವಿಶಾಲ ಹೆಸರನ್ನು ತಂದಿತು. ಕಾನೂನು ಬಿಟ್ಟ ಪದವನ್ನು ಪತ್ರಿಕೆಗಳು ಬಿಡಲಿಲ್ಲ, ಆಡುಮಾತೂ ಬಿಡಲಿಲ್ಲ. ಯಾರೋ ನಮ್ಮ ಭಾವಚಿತ್ರವನ್ನು ಎತ್ತಿಕೊಂಡು ನಮ್ಮ ಹೆಸರಿನಲ್ಲಿ ನಕಲಿ ಖಾತೆ ತೆರೆದರೂ ‘ಹ್ಯಾಕ್ ಆಗಿದೆ’. ಗುಪ್ತಪದವನ್ನು ನಾವೇ ದೂರವಾಣಿಯಲ್ಲಿ ಹೇಳಿಬಿಟ್ಟರೂ ‘ಹ್ಯಾಕ್ ಆಗಿದೆ’. ಸಂಸ್ಥೆಯೊಂದು ತನ್ನ ಉಗ್ರಾಣಕ್ಕೆ ಬೀಗವನ್ನೇ ಹಾಕದಿದ್ದರೂ ‘ಹ್ಯಾಕ್ ಆಗಿದೆ’. ಇವುಗಳಿಗೆ ಮದ್ದು ಬೇರೆ ಬೇರೆ. ಒಂದೇ ಹೆಸರು ಕೊಟ್ಟಲ್ಲಿ ಮದ್ದೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಗುಪ್ತಪದ ಬದಲಿಸಿ ಎಂಬ ಉಪದೇಶದಲ್ಲಿ ನಮ್ಮ ಎಷ್ಟೋ ಅಂಕಣಗಳು ಮುಗಿಯುವುದು ಈ ಕಾರಣದಿಂದಲೇ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದವೊಂದು ಮೊದಲೇ ಇದೆ: ಕನ್ನ. ಕೆಲವು ಉಪಸಂಪಾದಕರು ‘ಖಾತೆಗೆ ಕನ್ನ’ ಎಂದು ಬಳಸುತ್ತಲೂ ಬಂದಿದ್ದಾರೆ. ಪ್ರಾಸದ ಚಪಲವೂ ಸ್ವಲ್ಪ ಇರಬಹುದು, ಇರಲಿ. ಕನ್ನವೆಂದರೆ ಗೋಡೆಯನ್ನು ಕೊರೆದು ಒಳನುಗ್ಗುವುದು. ಕನ್ನ ಬಿದ್ದ ಮನೆಗೆ ಬಂದ ನೆರೆಯವರು ಕಳ್ಳನನ್ನು ಬೈಯುವುದರ ಜೊತೆಗೆ ಗೋಡೆಯನ್ನೂ ನೋಡುತ್ತಾರೆ: ಕಲ್ಲಿನದೋ, ಮಣ್ಣಿನದೋ, ಎಷ್ಟು ದಪ್ಪ, ಕಟ್ಟಿದ ಮೇಸ್ತ್ರಿ ಯಾರು. ಜಾಲಸುರಕ್ಷೆಯ ವಿಮರ್ಶೆ ಕೇಳಬೇಕಾದ ಪ್ರಶ್ನೆಗಳು ಇವೇ. ‘ಹ್ಯಾಕ್’ ಎಂಬ ಪದದಲ್ಲಿ ಗೋಡೆ ಕಾಣುವುದಿಲ್ಲ. ಮುಸುಕು ಹಾಕಿದ ಮಾಂತ್ರಿಕನೊಬ್ಬ ಮಾತ್ರ ಕಾಣುತ್ತಾನೆ.

ಗೋಡೆ ಮಣ್ಣಿನದೆಂದು ತೋರಿಸಿದವನ ಗತಿ ಏನು? ಸುಮಾರು 500 ರೂಪಾಯಿ ಕೊಟ್ಟರೆ ಆಧಾರ್ ವಿವರಗಳ ಭಂಡಾರಕ್ಕೆ ಪ್ರವೇಶ ಸಿಗುತ್ತದೆಂದು 2018ರ ಜನವರಿಯಲ್ಲಿ ‘ದಿ ಟ್ರಿಬ್ಯೂನ್’ ಪತ್ರಿಕೆ ವರದಿ ಮಾಡಿತು. ಪ್ರಾಧಿಕಾರದ ಅಧಿಕಾರಿಯ ದೂರಿನ ಮೇರೆಗೆ ದಾಖಲಾದ ಪ್ರಥಮ ವರ್ತಮಾನ ವರದಿಯಲ್ಲಿ ವರದಿಗಾರ್ತಿಯ ಹೆಸರೂ ಸೇರಿತ್ತು. ನಮ್ಮ ಕಾಯ್ದೆಯ 43ನೆಯ ಕಲಂ ಒಡೆಯನ ಅನುಮತಿಯಿಲ್ಲದ ಪ್ರವೇಶವನ್ನು ಒಟ್ಟಾರೆ ತಪ್ಪೆಂದು ಎಣಿಸುತ್ತದೆ; ಸದುದ್ದೇಶದಿಂದ ದೋಷ ಹುಡುಕುವ ಸಂಶೋಧಕನಿಗೆ ಅಲ್ಲಿ ಸ್ಪಷ್ಟವಾದ ರಕ್ಷಣೆ ಇಲ್ಲ. ಜಾಲಸುರಕ್ಷೆಯೆಂಬುದು ದೋಷವನ್ನು ಹುಡುಕಿ ಹೇಳುವವರನ್ನು ನೆಚ್ಚಿ ನಡೆಯುವ ವಿದ್ಯೆಯಾದುದರಿಂದ, ಇದು ಕನ್ನಡದ ಅಭಿಪ್ರಾಯ ಬರಹ ಕೈಗೆತ್ತಿಕೊಳ್ಳಬೇಕಾಗಿದ್ದ ಪ್ರಶ್ನೆ. ಕನ್ನಗಳ್ಳನನ್ನೂ ಕಾವಲುಗಾರನನ್ನೂ ಒಂದೇ ಪದದಿಂದ ಕರೆಯುವ ಭಾಷೆಯಲ್ಲಿ ಅದನ್ನು ಎತ್ತುವುದು ಕಷ್ಟ.

‘ವೈರಸ್ ದಾಳಿ’ ಎಂಬ ಮಾತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳನ್ನು ನಿಲ್ಲಿಸಿದಾಗ ನಮ್ಮಲ್ಲಿಯೂ ಅದು ಸಾಂಕ್ರಾಮಿಕ ಜಾಡ್ಯವೆಂಬಂತೆ ವರದಿಯಾಯಿತು. ಆ ಜಾಡ್ಯ ಬಳಸಿಕೊಂಡ ದೋಷವನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಮೊದಲೇ ಬಲ್ಲುದಾಗಿತ್ತು, ತನ್ನ ಬೇಹುಗಾರಿಕೆಗೆಂದು ಬಚ್ಚಿಟ್ಟುಕೊಂಡಿತ್ತು. ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ತೇಪೆಯನ್ನು ಒದಗಿಸಿತ್ತಾದರೂ ಅನೇಕರು ಅದನ್ನು ಹಾಕಿಕೊಂಡಿರಲಿಲ್ಲ. ಬಚ್ಚಿಟ್ಟವರು, ಕದ್ದವರು, ತೇಪೆ ಹಾಕದವರು ಎಂದು ಮೂವರು ಮನುಷ್ಯರಿದ್ದ ಕಥೆಯಲ್ಲಿ ನಾವು ಕಂಡದ್ದು ಒಂದು ಕ್ರಿಮಿಯನ್ನು.

ಇತ್ತೀಚಿನ ಒಂದು ಪದ ಇದಕ್ಕಿಂತಲೂ ಅಪಾಯಕರವಾದುದು. ಪೊಲೀಸರಂತೆ ಅಥವಾ ಕೇಂದ್ರ ತನಿಖಾಧಿಕಾರಿಗಳಂತೆ ವೇಷ ಹಾಕಿ, ವಿಡಿಯೊ ಕರೆಯಲ್ಲಿ ಹೆದರಿಸಿ, ಗಂಟೆಗಟ್ಟಲೆ, ದಿನಗಟ್ಟಲೆ ಕದಲದಂತೆ ಕೂರಿಸಿ ಹಣ ಸುಲಿಯುವ ಅಪರಾಧಕ್ಕೆ ನಾವು ‘ಡಿಜಿಟಲ್ ಅರೆಸ್ಟ್’ ಎನ್ನುತ್ತೇವೆ. ಈ ಹೆಸರನ್ನು ಕಟ್ಟಿದವರು ಸುಲಿಗೆಗಾರರೇ. ಅದನ್ನು ಉದ್ಧರಣ ಚಿಹ್ನೆಯೂ ಇಲ್ಲದೆ ಬಳಸುವಾಗ, ಅಂಥದೊಂದು ಬಂಧನ ಕಾನೂನಿನಲ್ಲಿ ಇರಬಹುದೆಂಬ ಅವರ ಮೂಲ ಸುಳ್ಳಿಗೆ ನಾವು ಸಾಕ್ಷಿ ನುಡಿದಂತಾಗುತ್ತದೆ. ಅಂಥ ವ್ಯವಸ್ಥೆ ಕಾನೂನಿನಲ್ಲಿ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ಬಾನುಲಿ ಭಾಷಣದಲ್ಲಿ ಹೇಳಬೇಕಾಯಿತು. ಕನ್ನಡದ ಪೊಲೀಸ್ ಕಡತಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಪದ ‘ದಸ್ತಗಿರಿ’. ಪಾರಸಿಯಲ್ಲಿ ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿ, ಕೈಹಿಡಿಯುವುದೇ ದಸ್ತಗಿರಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 46ನೆಯ ಕಲಮೂ, ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮೂ ಹೇಳುವುದು ಇದನ್ನೇ: ವ್ಯಕ್ತಿ ಮಾತಿನಿಂದಲೋ ನಡತೆಯಿಂದಲೋ ತಾನಾಗಿ ಶರಣಾಗದ ಪಕ್ಷದಲ್ಲಿ ಅಧಿಕಾರಿ ಅವನ ದೇಹವನ್ನು ಮುಟ್ಟಬೇಕು ಇಲ್ಲವೆ ತಡೆದು ನಿಲ್ಲಿಸಬೇಕು. ದೂರವಾಣಿಯ ಗಾಜಿನಿಂದ ಕೈ ಹೊರಚಾಚಿ ಬರಲಾರದು. ‘ಡಿಜಿಟಲ್ ದಸ್ತಗಿರಿ’ ಎಂದು ಒಮ್ಮೆ ಹೇಳಿ ನೋಡಿದರೆ ಅದರ ಅಸಂಗತತೆ ಹಳ್ಳಿಯ ಅಜ್ಜಿಗೂ ಹೊಳೆಯುತ್ತದೆ. ‘ಪೊಲೀಸ್ ವೇಷದ ಸುಲಿಗೆ’ ಎಂದರಂತೂ ವ್ಯಾಖ್ಯಾನವೇ ಬೇಡ. ಈ ಬಗೆಯ ವರದಿಗಳಲ್ಲಿ ಹಣ ಕಳೆದುಕೊಂಡ ಹಿರಿಯರ ವಿದ್ಯೆ, ಹುದ್ದೆಗಳನ್ನು ಎತ್ತಿ ಹೇಳಿ ಬೆರಗಾಗುವ ಚಾಳಿಯೂ ಇದೆ. ಹಣ ಹರಿದುಹೋದ ಖಾತೆಗಳನ್ನು ಯಾವ ಬ್ಯಾಂಕು ಯಾವ ದಾಖಲೆಯ ಮೇಲೆ ತೆರೆದುಕೊಟ್ಟಿತು ಎಂಬುದನ್ನು ಆ ಬೆರಗು ನುಂಗಿಬಿಡುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರಬಹುದು. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನದು, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಅರ್ಜಿ ಸಲ್ಲಿಸಿದಾಗ ಎಂಬತ್ತು ದಾಟಿದ್ದರು, 2024ರ ಅಕ್ಟೋಬರಿನಲ್ಲಿ ನಿಧನರಾದರು. ಕನ್ನಡಿಗರೊಬ್ಬರು ದೇಶಕ್ಕೆ ಗಳಿಸಿಕೊಟ್ಟ ಈ ಹಕ್ಕಿಗೆ ಕನ್ನಡದಲ್ಲಿ ಗಟ್ಟಿಯಾದ ಹೆಸರೇ ನೆಲೆಗೊಂಡಿಲ್ಲ. ಕೆಲವರು ಖಾಸಗಿತನ ಎನ್ನುತ್ತಾರೆ, ಕೆಲವರು ಗೌಪ್ಯತೆ ಎನ್ನುತ್ತಾರೆ. ಒಂದೇ ಲೇಖನದಲ್ಲಿ ಎರಡೂ ಬರುವುದುಂಟು.

‘ಖಾಸಗಿ’ ಅರಬ್ಬಿಯ ಖಾಸ್ ಎಂಬುದರಿಂದ ಪಾರಸಿ, ಮರಾಠಿಗಳ ದಾರಿಯಲ್ಲಿ ಬಂದದ್ದು. ಮರಾಠ ಆಡಳಿತದಲ್ಲಿ ಅರಸು ಮನೆತನದ ಸ್ವಂತ ಸೊತ್ತಿಗೆ ಆ ಹೆಸರಿತ್ತು. ಇಂದಿನ ಕನ್ನಡದಲ್ಲಿ ಅದರ ಮೊದಲ ಅರ್ಥ ಸರ್ಕಾರದ್ದಲ್ಲದ್ದು: ಖಾಸಗಿ ಬಸ್ಸು, ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆ. ಹೀಗಾಗಿ ಖಾಸಗಿತನವೆಂದರೆ ಉಳ್ಳವರ ಸೌಕರ್ಯವೆಂಬ ಛಾಯೆ ಅಂಟಿಕೊಳ್ಳುತ್ತದೆ. ‘ಗೌಪ್ಯತೆ’ಯ ತೊಡಕು ಇನ್ನೂ ಆಳವಾದುದು. ಇಂದಿನ ಬಳಕೆಯಲ್ಲಿ ಅದು ಮರೆಮಾಚುವಿಕೆ. ಮುಚ್ಚಿಡುವಂಥದು ಏನೂ ಇಲ್ಲದವನಿಗೆ ಭಯವೇಕೆ ಎಂಬ, ಎಲ್ಲ ಕಡೆಯೂ ಕೇಳಿಬರುವ ವಾದ, ಕನ್ನಡದಲ್ಲಿ ಈ ಪದದಿಂದಲೇ ಅರ್ಧ ಗೆದ್ದಿರುತ್ತದೆ. ಹಕ್ಕನ್ನು ಬೇಡುವವನು ಬಾಯಿ ತೆರೆಯುತ್ತಲೇ ಕಳ್ಳನಂತೆ ಕಾಣುತ್ತಾನೆ. ಸಂಸ್ಕೃತದ ಗುಪ್ ಧಾತುವಿಗೆ ಬಚ್ಚಿಡು ಎಂಬುದರ ಜೊತೆಗೆ ಕಾಪಾಡು ಎಂಬ ಅರ್ಥವೂ ಉಂಟು, ಗೋಪ್ತೃ ಎಂದರೆ ರಕ್ಷಕ. ಆದರೆ ಧಾತುಪಾಠದಿಂದ ದಿನಪತ್ರಿಕೆಯ ಓದುಗನನ್ನು ಒಪ್ಪಿಸಲಾಗದು.

ಈ ವಿಷಯದಲ್ಲಿ ಪರಿಭಾಷಾ ಕೋಶಗಳಿಗಿಂತ ನಮ್ಮ ಗಾದೆಯೊಂದು ಹೆಚ್ಚು ತಿಳಿದಿದೆ: ಸಂಸಾರ ಗುಟ್ಟು, ವ್ಯಾಧಿ ರಟ್ಟು. ಸಾಮಾನ್ಯವಾಗಿ ಇದನ್ನು ಲೋಕನೀತಿಯೆಂದು ಓದಿ ಮುಂದೆ ಸಾಗುತ್ತೇವೆ. ನಿಂತು ನೋಡಿದರೆ ಇದು ಮಾಹಿತಿಯ ಹರಿವನ್ನು ಕುರಿತ ಒಂದು ಸಿದ್ಧಾಂತವೇ ಆಗಿದೆ. ಒಂದೇ ಮನೆಯ ಎರಡು ಸಂಗತಿಗಳಿಗೆ ಎರಡು ವಿಧಿಗಳು. ಸಂಸಾರದ ವಿಷಯ ಹೊರಗೆ ಹೋದರೆ ಕೇಡು, ಆದ್ದರಿಂದ ಗುಟ್ಟು. ರೋಗದ ವಿಷಯ ಒಳಗೇ ಉಳಿದರೆ ಕೇಡು, ಹೇಳಿಕೊಂಡರೆ ಮದ್ದು ಬಲ್ಲವರು ಯಾರಾದರೂ ಸಿಕ್ಕಾರು, ಆದ್ದರಿಂದ ರಟ್ಟು. ಮುಚ್ಚಿಡುವುದೇ ಗುಣವೆಂದಾಗಲಿ ಬಿಚ್ಚಿಡುವುದೇ ಗುಣವೆಂದಾಗಲಿ ಗಾದೆ ಹೇಳುವುದಿಲ್ಲ; ಯಾರಿಗೆ, ಯಾತಕ್ಕಾಗಿ ಎಂದು ಕೇಳುತ್ತದೆ. ಹೇಳುವವನು ರೋಗಿಯೇ, ಹೇಳುವುದು ಅವನ ಒಳಿತಿಗೇ ಎಂಬುದೂ ಅದರಲ್ಲಿ ಅಡಗಿದೆ. ಅಮೆರಿಕದ ಚಿಂತಕಿ ಹೆಲೆನ್ ನಿಸ್ಸೆನ್‌ಬಾಮ್ ತಮ್ಮ 2010ರ ಗ್ರಂಥದಲ್ಲಿ ವಾದಿಸಿದ್ದೂ ಹೆಚ್ಚು ಕಡಿಮೆ ಇದನ್ನೇ: ಮಾಹಿತಿ ಹರಿಯಿತೇ ಎಂಬುದಲ್ಲ, ಅದನ್ನು ಕೊಟ್ಟ ಸಂದರ್ಭದ ಮರ್ಯಾದೆಗೆ ತಕ್ಕಂತೆ ಹರಿಯಿತೇ ಎಂಬುದು ಪ್ರಶ್ನೆ. ನಮ್ಮ ಅಂಕಣಗಳು ಅವರನ್ನು ಉದ್ಧರಿಸುವ ಮುನ್ನ ಗಾದೆಯನ್ನು ಒಮ್ಮೆ ನೆನೆಯಬಹುದಾಗಿತ್ತು.

ಗಾದೆಯ ಒರೆಗಲ್ಲಿಗೆ ಹಚ್ಚಿ ನೋಡಬೇಕಾದ ಸಂದರ್ಭ 2020ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲೇ ಬಂದಿತು. ಕೋವಿಡ್ ಆರಂಭದ ದಿನಗಳಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾಗಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರ ಜಿಲ್ಲಾವಾರು ಬಹಿರಂಗಪಡಿಸಿತು. ಅದೇ ತಿಂಗಳ ಕೊನೆಯಲ್ಲಿ, ಅವರು ರಾತ್ರಿಯ ನಿದ್ದೆಯ ಹೊತ್ತು ಬಿಟ್ಟು ಗಂಟೆಗೊಮ್ಮೆ ತಮ್ಮ ಭಾವಚಿತ್ರ ತೆಗೆದು ಸರ್ಕಾರದ ಮೊಬೈಲ್ ತಂತ್ರಾಂಶಕ್ಕೆ ಕಳುಹಿಸಬೇಕೆಂಬ ಆದೇಶವೂ ಹೊರಟಿತು. ‘ವ್ಯಾಧಿ ರಟ್ಟು’ ಎಂದು ಇದನ್ನು ಸಮರ್ಥಿಸಬಹುದೇ? ಸಮರ್ಥಿಸಿದವರಿದ್ದರು, ಆ ದಿನಗಳ ಭಯವನ್ನು ಮರೆತು ಅವರನ್ನು ಹಳಿಯುವುದು ಸುಲಭ. ಆದರೆ ಪಟ್ಟಿಯಲ್ಲಿದ್ದವರು ರೋಗಿಗಳೆಂದೇನೂ ಖಚಿತವಿರಲಿಲ್ಲ, ವಿದೇಶದಿಂದ ಮರಳಿದವರೆಂಬುದೇ ಹೆಚ್ಚಿನವರ ಲಕ್ಷಣ. ವಿಳಾಸ ತಿಳಿಯಬೇಕಾಗಿದ್ದುದು ಆರೋಗ್ಯ ಕಾರ್ಯಕರ್ತೆಗೆ. ತಿಳಿದದ್ದು ಇಡೀ ಊರಿಗೆ. ಮದ್ದು ತರಬೇಕಾಗಿದ್ದ ರಟ್ಟು ನೆರೆಹೊರೆಯವರ ಅಂಜಿಕೆಯನ್ನು ತಂದಿತು. ಅಂದಿನ ಚರ್ಚೆ ಖಾಸಗಿತನ ದೊಡ್ಡದೋ ಪ್ರಾಣ ದೊಡ್ಡದೋ ಎಂಬ ಎರಡೇ ತಟ್ಟೆಗಳ ತಕ್ಕಡಿಯಲ್ಲಿ ತೂಗಾಡಿತು. ಆ ತಕ್ಕಡಿಯಲ್ಲಿ ಖಾಸಗಿತನ ಗೆಲ್ಲುವುದು ಸಾಧ್ಯವೇ ಇರಲಿಲ್ಲ. ಯಾರಿಗೆ ತಿಳಿಸಬೇಕಿತ್ತು ಎಂದು ಕೇಳಿದ್ದರೆ ಪ್ರಾಣವೂ ಉಳಿದು ಮಾನವೂ ಉಳಿಯುವ ದಾರಿ ಕಾಣುತ್ತಿತ್ತು.

ಪದಗಳ ಈ ಗೊಂದಲಕ್ಕೆ ತೆರಬೇಕಾದ ಬೆಲೆ ಮಾಹಿತಿ ಹಕ್ಕಿನ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಕೇಂದ್ರದ 2005ರ ಕಾಯ್ದೆಗೆ ಮುನ್ನವೇ ಕರ್ನಾಟಕ 2000ದಲ್ಲಿ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆಯನ್ನು ಮಾಡಿಕೊಂಡಿದ್ದ ರಾಜ್ಯ. ಕೇಂದ್ರ ಕಾಯ್ದೆಯ 8ನೆಯ ಕಲಮಿನ 1ನೆಯ ಉಪಕಲಮಿನ ‘ಜೆ’ ಖಂಡವು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಟ್ಟಿತ್ತಾದರೂ, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಅನಗತ್ಯವಾಗಿ ವ್ಯಕ್ತಿಯ ಏಕಾಂತಕ್ಕೆ ನುಗ್ಗುವ ಮಾಹಿತಿಗೆ ಅದನ್ನು ಸೀಮಿತಗೊಳಿಸಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 44ನೆಯ ಕಲಂ ಆ ಮಿತಿಗಳನ್ನು ತೆಗೆದುಹಾಕಿ ವೈಯಕ್ತಿಕ ಮಾಹಿತಿ ಎಂಬಷ್ಟನ್ನೇ ಉಳಿಸಿತು. 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂದಿದೆ. ಸಾರ್ವಜನಿಕ ಹಿತ ಹಿರಿದಾದಲ್ಲಿ ಕೊಡಬಹುದೆಂಬ ಎರಡನೆಯ ಉಪಕಲಂ ಉಳಿದಿದೆಯೆಂಬ ಸಮಾಧಾನವನ್ನು ಸರ್ಕಾರ ಹೇಳುತ್ತದೆ. ಆದರೆ ಹಿತ ಹಿರಿದೆಂದು ತೋರಿಸಬೇಕಾದ ಭಾರ ಕೇಳುವವನ ಮೇಲೆ, ತೂಗುವ ತಕ್ಕಡಿ ಅಧಿಕಾರಿಯ ಕೈಯಲ್ಲಿ. ಪುಟ್ಟಸ್ವಾಮಿಯವರು ಪ್ರಭುತ್ವದ ಎದುರು ಪ್ರಜೆಗೆ ಗಳಿಸಿಕೊಟ್ಟ ರಕ್ಷಣೆ ಪ್ರಜೆಯ ಎದುರು ಕಚೇರಿಗೆ ಕೋಟೆಯಾಗುವುದು ಹೀಗೆ. ಹಕ್ಕಿನ ಹೆಸರೇ ಗೌಪ್ಯತೆಯಾಗಿದ್ದಾಗ ಕಡತವನ್ನು ಮುಚ್ಚುವವನೂ ಹಕ್ಕಿನ ಪಕ್ಷಪಾತಿಯಂತೆ ತೋರುತ್ತಾನೆ.

ಇಲ್ಲಿ ಮೇಲೆ ಹೇಳಿದ ಉದ್ಯೋಗ ಖಾತರಿ ಯೋಜನೆಯ ತಾಣವನ್ನು ಮತ್ತೊಮ್ಮೆ ನೆನೆಯಬೇಕು. 2017ರಲ್ಲಿ ಕೂಲಿಕಾರರ ಖಾತೆ ಸಂಖ್ಯೆಗಳನ್ನು ಊರಿಗೆಲ್ಲ ತೋರಿಸಿದ ತಪ್ಪು ಆ ತಾಣದ್ದು. ಆದರೆ 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಗ್ರಾಮಸಭೆ ಸಾಮಾಜಿಕ ಲೆಕ್ಕಪರಿಶೋಧನೆ ನಡೆಸುತ್ತಿದ್ದುದು ಅದೇ ಬಗೆಯ ದಾಖಲೆಗಳ ಬಲದಿಂದ. ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ, ಊರುಬಿಟ್ಟವನಿಗೆ ಕೂಲಿ ಸಂದಿದೆಯೇ ಎಂದು ಹೆಸರು ಓದದೆ ತಿಳಿಯುವುದು ಹೇಗೆ? ಸೋರಿಕೆಯನ್ನು ತಡೆಯಿರಿ ಎಂದಷ್ಟೇ ಬರೆದ ಅಂಕಣ ಈ ಪಟ್ಟಿಯನ್ನೂ ಮುಚ್ಚಿಸುತ್ತದೆ. ಎಲ್ಲವೂ ಪಾರದರ್ಶಕವಾಗಿರಲಿ ಎಂದಷ್ಟೇ ಬರೆದ ಅಂಕಣ ಖಾತೆ ಸಂಖ್ಯೆಯನ್ನೂ ಬಿಚ್ಚಿಡುತ್ತದೆ. ಯಾರು ಎಷ್ಟು ದಿನ ದುಡಿದರು, ಎಷ್ಟು ಕೂಲಿ ಪಡೆದರು ಎಂಬುದು ಆ ಗ್ರಾಮಸಭೆಗೆ ರಟ್ಟಾಗಬೇಕಾದ ಸಂಗತಿ. ಆಕೆಯ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಗುಟ್ಟಾಗಿ ಉಳಿಯಬೇಕಾದವು. ಇವೆರಡೂ ಒಂದೇ ಹಾಳೆಯ ಒಂದೇ ಸಾಲಿನಲ್ಲಿ, ಅಕ್ಕಪಕ್ಕದ ಅಂಕಣಗಳಲ್ಲಿ ಇರುತ್ತವೆ.